ಯಂತ್ರ ನಮ್ಮದು, ಬೀಗದಕೈ ಯಾರದು?

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ನಮ್ಮ ಹಿರಿಯರು ಗುಡಿಯ ಹೊಸ್ತಿಲಲ್ಲಿ ನಿಂತು ಕಟ್ಟಿದರು. ಇಂದು ಅದನ್ನು ಕಂಪ್ಯೂಟರ್ ಮೇಜಿನ ಮುಂದೆ ಕುಳಿತು ಹೇಳಬೇಕಾಗಿದೆ. ಹಣ ತೆತ್ತು ತಂದ ಪ್ರಿಂಟರ್ ಎದುರಿಗಿದೆ. ಅದರಲ್ಲಿ ಕಾಗದವಿದೆ, ಶಾಯಿಯಿದೆ, ವಿದ್ಯುತ್ತೂ ಹರಿಯುತ್ತಿದೆ. ಆದರೆ ಕಂಪ್ಯೂಟರಿನ ಮಾತನ್ನು ಅದಕ್ಕೆ ಮುಟ್ಟಿಸಬೇಕಾದ ಸಣ್ಣದೊಂದು ತಂತ್ರಾಂಶ ಮಾತ್ರ 'ಒಲ್ಲೆ' ಎನ್ನುತ್ತದೆ. ಆ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಯಂತ್ರಕ್ಕೂ ಅದನ್ನು ಆಳುವ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಂತ ದುಭಾಷಿ ಅದು. ಈ ದುಭಾಷಿ ಯಾರ ಆಳು, ನಮ್ಮ ಸಂಬಳದವನೋ ಮಾರಿದವನ ಸಂಬಳದವನೋ ಎಂಬುದೇ ಲಿನಕ್ಸ್ ಬಳಸುವವರ ನಡುವೆ ಮೂರು ದಶಕಗಳಿಂದ ನಡೆದುಬಂದಿರುವ ಜಗಳದ ತಿರುಳು.

ಇದು ಎಂಜಿನಿಯರುಗಳ ಮನೆಜಗಳ, ನಮ್ಮಂಥ ಸಂಘ-ಸಂಸ್ಥೆಗಳಿಗೆ ಇದರ ಗೊಡವೆ ಏಕೆ ಎಂಬ ಮಾತು ಅಹಮದಾಬಾದು, ವಡೋದರಾ, ಸೂರತ್ತುಗಳ ನಮ್ಮ ಬಳಗಗಳಲ್ಲಿ ಆಗಾಗ ಕೇಳಿಬರುತ್ತದೆ. ಗೊಡವೆ ಇರುವುದು ನಮಗೇ ಎಂಬುದು ಈ ಲೇಖನದ ವಾದ. ದೊಡ್ಡ ಕಂಪನಿಗೆ ಒಂದು ಯಂತ್ರ ಕೈಕೊಟ್ಟರೆ ಇನ್ನೊಂದನ್ನು ಕೊಳ್ಳುವ ಶಕ್ತಿಯಿದೆ. ಸದಸ್ಯರ ಚಂದಾ ಹಣದಲ್ಲಿ ಬಾಡಿಗೆ ಕಟ್ಟಿ, ಯಾವುದೋ ಕಾರ್ಖಾನೆಯವರು ದಾನ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಹೊರನಾಡ ಸಂಘಕ್ಕೆ ಆ ಶಕ್ತಿಯಿಲ್ಲ. ಯಂತ್ರ ಎಷ್ಟು ವರ್ಷ ಬಾಳಬೇಕೆಂಬುದನ್ನು ಮಾರಿದವನು ನಿರ್ಧರಿಸುವ ವ್ಯವಸ್ಥೆಯಲ್ಲಿ ಮೊದಲು ಸಾಯುವವನು ಬಡವ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ತಂತ್ರಾಂಶವನ್ನು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುತ್ತಾರೆ. ಅದು ಸೋರ್ಸ್ ಕೋಡ್. ಇಲ್ಲಿ ಅದನ್ನು ಮೂಲಪಾಠ ಎನ್ನೋಣ. ಮೂಲಪಾಠವನ್ನು ಎಲ್ಲರಿಗೂ ಕೊಟ್ಟು, ತಿದ್ದುವ ಮತ್ತು ಹಂಚುವ ಹಕ್ಕನ್ನೂ ಕೊಟ್ಟರೆ ಅದು ಮುಕ್ತ ಡ್ರೈವರ್. ಮೂಲಪಾಠವನ್ನು ಬಚ್ಚಿಟ್ಟು, ಯಂತ್ರ ಮಾತ್ರ ಓದಬಲ್ಲ ಅಂಕಿಗಳ ಮುದ್ದೆಯನ್ನಷ್ಟೇ ಕೊಟ್ಟರೆ ಅದು ಮುಚ್ಚಿದ ಡ್ರೈವರ್. ಎರಡೂ ಇಂದು ಕೆಲಸ ಮಾಡುತ್ತವೆ. ವ್ಯತ್ಯಾಸ ಕಾಣುವುದು ನಾಳೆ, ಕಂಪ್ಯೂಟರಿನ ವ್ಯವಸ್ಥೆ ಬದಲಾದಾಗ ಅಥವಾ ಮಾರಿದ ಕಂಪನಿಗೆ ಹಳೆಯ ಗಿರಾಕಿಯ ನೆನಪು ಹೋದಾಗ.

ಈ ಜಗಳ ಹುಟ್ಟಿದ್ದೇ ಒಂದು ಪ್ರಿಂಟರಿನಿಂದ ಎಂಬುದು ಸ್ವಾರಸ್ಯದ ಸಂಗತಿ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯವೊಂದಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂದಿತು. ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ತಿಳಿಯುವಂತೆ ಹಿಂದಿನ ಯಂತ್ರದ ತಂತ್ರಾಂಶವನ್ನು ತಿದ್ದಿಕೊಂಡಿದ್ದ ರಿಚರ್ಡ್ ಸ್ಟಾಲ್‌ಮನ್ ಹೊಸದನ್ನೂ ಹಾಗೆಯೇ ತಿದ್ದಲು ಹೊರಟರು. ಮೂಲಪಾಠ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ವಿದ್ವಾಂಸರೊಬ್ಬರು, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿರುವೆನೆಂದು ಕೈಚೆಲ್ಲಿದರು. ಈ ನಿರಾಕರಣೆಯ ಕಹಿಯೂ ಸೇರಿ 1983ರಲ್ಲಿ ಸ್ಟಾಲ್‌ಮನ್ ಅವರ ಗ್ನೂ ಯೋಜನೆ ಘೋಷಣೆಯಾಯಿತು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದು, 1992ರಲ್ಲಿ ಅದನ್ನು ಗ್ನೂ ಪರವಾನಗಿಯ ಅಡಿಯಲ್ಲಿ ತಂದರು. ಇಂದು ಮುಚ್ಚಿದ ಡ್ರೈವರೊಂದು ಒಳಹೊಕ್ಕೊಡನೆ ಲಿನಕ್ಸ್ ತನ್ನನ್ನು ತಾನೇ 'ಕಳಂಕಿತ' ಎಂದು ಗುರುತು ಹಾಕಿಕೊಳ್ಳುತ್ತದೆ. ಓದಲಾಗದ ಅಂಗವೊಂದು ದೇಹದೊಳಗಿರುವಾಗ ರೋಗದ ಹೊಣೆ ತಮ್ಮದಲ್ಲವೆಂದು ಅದನ್ನು ಕಟ್ಟಿದವರು ಹೇಳುವ ರೀತಿ ಅದು.

ಇದು ಹೊರದೇಶದ ಕಥೆಯಾಯಿತು ಎನ್ನುವವರು ಕನ್ನಡದ ಕಥೆಯನ್ನೇ ನೆನೆಯಬಹುದು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿದ ಜಿಸ್ಟ್ ಕಾರ್ಡು, ಡಾಸ್ ಕಾಲದ ಕಂಪ್ಯೂಟರಿನೊಳಗೆ ಸಿಕ್ಕಿಸಬೇಕಾದ ಒಂದು ಹಲಗೆ. ಅದಿದ್ದರೆ ತೆರೆಯ ಮೇಲೆ ಕನ್ನಡ ಮೂಡುತ್ತಿತ್ತು. ದೊಡ್ಡ ಸಾಧನೆಯೇ ಸರಿ. ಆದರೆ ವಿಂಡೋಸ್ ಬಂದ ಮೇಲೆ ಆ ಹಲಗೆಯ ಕಾಲ ಮುಗಿಯಿತು. ಅದರ ಜೊತೆಗೆ ಬೆಳೆದ ಇಸ್ಕಿ ಎಂಬ ಅಕ್ಷರಸಂಕೇತ ಮಾತ್ರ ಸಾಯಲಿಲ್ಲ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಬಹಿರಂಗವಾಗಿ ಅಚ್ಚು ಮಾಡಿ, 1991ರಲ್ಲಿ ಭಾರತೀಯ ಮಾನಕವಾಗಿ ಪ್ರಕಟಿಸಿದ್ದರು. ಇಂದು ನಮ್ಮ ಫೋನುಗಳಲ್ಲಿ ಕನ್ನಡವನ್ನು ಹೊತ್ತಿರುವ ಯುನಿಕೋಡಿನ ಕನ್ನಡ ವಿಭಾಗ ಇಸ್ಕಿಯ ಜೋಡಣೆಯನ್ನೇ ಅನುಸರಿಸಿದೆ. ಹಲಗೆ ಗುಜರಿಗೆ ಹೋಯಿತು, ಬಹಿರಂಗವಾಗಿದ್ದ ಪಾಠ ಉಳಿಯಿತು. ಮುಕ್ತ ಡ್ರೈವರಿನ ವಾದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಅಕ್ಷರವಿನ್ಯಾಸದ ಪಾಡನ್ನೂ ನೋಡಿ. ಶ್ರೀಲಿಪಿ, ಪ್ರಕಾಶಕ್, ಆಕೃತಿ ಮೊದಲಾದ ತಂತ್ರಾಂಶಗಳ ಕಾಲದಲ್ಲಿ ಒಬ್ಬೊಬ್ಬರದು ಒಂದೊಂದು ಒಳಸಂಕೇತ. ಕೆಲವಕ್ಕೆ ಡಾಂಗಲ್ ಎಂಬ ಬೀಗ ಬೇರೆ. ಅದನ್ನು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸದೆ ತಂತ್ರಾಂಶ ಬಾಯಿ ಬಿಡುತ್ತಿರಲಿಲ್ಲ. ಹೊರನಾಡ ಸಂಘಗಳು ಆಗ ಹೊರತಂದ ಸ್ಮರಣ ಸಂಚಿಕೆಗಳ ಕಡತ ಇಂದು ಯಾರ ಬಳಿಯಾದರೂ ಉಳಿದಿದ್ದರೆ, ತೆರೆದಾಗ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಬರಹ ನಮ್ಮದು, ಬೆವರು ನಮ್ಮದು. ಓದುವ ಹಕ್ಕು ಮಾತ್ರ ಇನ್ನೊಬ್ಬರ ಬೀಗದಲ್ಲಿ ಉಳಿಯಿತು. ಅದನ್ನು ಬಿಡಿಸಿಕೊಟ್ಟವರು ಸಂಕೇತಗಳನ್ನು ಒಂದೊಂದಾಗಿ ಭೇದಿಸಿ ಪರಿವರ್ತಕಗಳನ್ನು ಬರೆದು ಹಂಚಿದ ಸ್ವಯಂಸೇವಕರು. ಒಮ್ಮೆ ಸುಟ್ಟುಕೊಂಡ ಕೈ ಅದೇ ಒಲೆಗೆ ಮತ್ತೆ ಚಾಚುವುದನ್ನು ಮುಗ್ಧತೆ ಎನ್ನಲಾಗದು.

ನಾವು ನೆಲೆಸಿರುವ ಈ ನೆಲಕ್ಕೂ ಈ ಪ್ರಶ್ನೆ ಹೊಸದಲ್ಲ. 1929ರಲ್ಲಿ ಅಖಿಲ ಭಾರತ ಚರಖಾ ಸಂಘವು ಗಾಂಧೀಜಿಯ ಪ್ರೇರಣೆಯಿಂದ ಒಂದು ಸ್ಪರ್ಧೆ ಸಾರಿತು. ಉತ್ತಮ ನೂಲುವ ಯಂತ್ರ ರಚಿಸಿಕೊಟ್ಟವರಿಗೆ 1 ಲಕ್ಷ ರೂಪಾಯಿ ಬಹುಮಾನ. ಸ್ಪರ್ಧಿಗಳು ಯಂತ್ರವನ್ನು ಒಪ್ಪಿಸಬೇಕಾಗಿದ್ದುದು ಅಹಮದಾಬಾದಿನ ಸಾಬರಮತಿ ಆಶ್ರಮಕ್ಕೆ. ಷರತ್ತುಗಳನ್ನು ಇಂದಿನ ಕಣ್ಣಿನಿಂದ ಓದಬೇಕು. ಯಂತ್ರದ ಬೆಲೆ 150 ರೂಪಾಯಿ ಮೀರಬಾರದು. ಭಾರತದಲ್ಲಿಯೇ ತಯಾರಾಗುವಂತಿರಬೇಕು. ಆಗಾಗ ದುರಸ್ತಿಯಾಗುತ್ತ 20 ವರ್ಷ ಬಾಳಬೇಕು. ದುರಸ್ತಿಯ ವೆಚ್ಚ ವರ್ಷಕ್ಕೆ ಬೆಲೆಯ ನೂರಕ್ಕೆ 5ನ್ನು ದಾಟಬಾರದು. ರಚಿಸಿದವರು ಪೇಟೆಂಟ್ ಪಡೆಯಬಹುದು, ಆದರೆ ಬಹುಮಾನ ಬೇಕೆಂದರೆ ಆ ಹಕ್ಕನ್ನು ಸಂಘಕ್ಕೆ ಬಿಟ್ಟುಕೊಡಬೇಕು. ಆ ಬಹುಮಾನ ಯಾರಿಗೂ ದಕ್ಕಲಿಲ್ಲವೆಂಬುದು ಬೇರೆ ಮಾತು. ಹಳ್ಳಿಯ ಮನೆಯೊಂದರ ಯಂತ್ರ ಹೇಗಿರಬೇಕೆಂದು ಯೋಚಿಸಿದವರು ಬೆಲೆಯ ಜೊತೆಗೆ ದುರಸ್ತಿಯನ್ನೂ ಜ್ಞಾನದ ಒಡೆತನವನ್ನೂ ಒಂದೇ ಉಸಿರಿನಲ್ಲಿ ಕೇಳಿದರು. ನಾವೋ ಪ್ರಿಂಟರ್ ಕೊಳ್ಳುವಾಗ ಬೆಲೆಯನ್ನಷ್ಟೇ ಕೇಳುತ್ತೇವೆ.

ಸೂರತ್ತಿಗೆ ಬನ್ನಿ. ಅಲ್ಲಿಯ ಸೀರೆ ವ್ಯಾಪಾರದ ಬೆನ್ನೆಲುಬಾದ ಕಂಪ್ಯೂಟರ್ ಕಸೂತಿ ಯಂತ್ರಗಳಿಗೆ ವಿನ್ಯಾಸ ಹೋಗುವುದು ಕಡತಗಳ ರೂಪದಲ್ಲಿ. ಜಪಾನಿನ ತಾಜಿಮಾ ಕಂಪನಿಯ ಡಿಎಸ್‌ಟಿ ಎಂಬ ಕಡತದ ರಚನೆ ಎಲ್ಲರಿಗೂ ತಿಳಿದುಹೋಗಿ, ಬೇರೆ ಬೇರೆ ಕಂಪನಿಗಳ ಯಂತ್ರಗಳೂ ಅದನ್ನು ಓದುತ್ತವೆ. ಇಂಕ್‌ಸ್ಟಿಚ್‌ನಂಥ ಮುಕ್ತ ತಂತ್ರಾಂಶ ಅದನ್ನು ಬರೆಯುತ್ತದೆ. ಹೀಗಾಗಿ ಸಣ್ಣ ಕೋಣೆಯಲ್ಲಿ ಕುಳಿತು ಬಳ್ಳಿ-ಹೂ ಬಿಡಿಸುವ ವಿನ್ಯಾಸಕಾರ ತನ್ನ ಕೆಲಸವನ್ನು ಯಾವ ಕಾರ್ಖಾನೆಗಾದರೂ ಮಾರಬಲ್ಲ. ಅದೇ ಊರಿನ ವಜ್ರದ ಕಾರ್ಖಾನೆಗಳಲ್ಲಿ ಸಂಗತಿ ಬೇರೆ. ಕಚ್ಚಾ ಹರಳಿನ ಒಳದೋಷಗಳನ್ನು ಪತ್ತೆಹಚ್ಚುವ ಇಸ್ರೇಲಿನ ಸರೀನ್ ಕಂಪನಿಯ ಗೆಲಾಕ್ಸಿ ಯಂತ್ರ ಅದ್ಭುತವಾದುದು. ಆದರೆ ಯಂತ್ರ ಮನೆಯೊಳಗಿದ್ದರೂ ಪರೀಕ್ಷೆಗಿಟ್ಟ ಹರಳುಗಳ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ವಜ್ರದ ವ್ಯಾಪಾರಿ ಲಾಭ-ನಷ್ಟ ತೂಗಿ, ತಿಳಿದೇ ಆ ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ನಾವು ಡ್ರೈವರಿನ ಸಿಡಿಯ ಮೇಲಿನ ಷರತ್ತನ್ನು ಓದದೆ, ತೂಗದೆ ಸಹಿ ಹಾಕುತ್ತೇವೆ.

ಈಗ ಎದುರುವಾದಿಗಳ ಮಾತುಗಳನ್ನು ಒಂದೊಂದಾಗಿ ಎದುರಿಸೋಣ.

'ನಮ್ಮಲ್ಲಿ ಮೂಲಪಾಠ ಓದಬಲ್ಲವರು ಎಷ್ಟು ಜನ? ಓದಲಾಗದವರಿಗೆ ತೆರೆದಿಟ್ಟರೇನು, ಮುಚ್ಚಿಟ್ಟರೇನು?' ಎಂಬುದು ಮೊದಲನೆಯದು. ಸಂಘದ ಲೆಕ್ಕಪತ್ರವನ್ನು ಸಾಲುಸಾಲಾಗಿ ಓದುವ ಸದಸ್ಯರು ಎಷ್ಟು ಮಂದಿ? ಹಾಗೆಂದು ಖಜಾಂಚಿ ಲೆಕ್ಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಮಹಾಸಭೆ ಸುಮ್ಮನಿದ್ದೀತೇ? ಓದಬಲ್ಲ ಇಬ್ಬರಿದ್ದರೂ ಉಳಿದ ಇನ್ನೂರು ಜನಕ್ಕೆ ರಕ್ಷಣೆಯಿದೆ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿ, 1910ರಲ್ಲಿ ಅಮೆರಿಕದಿಂದ ಬಂದ ಬೋರ್ಡನ್ ಅವರ ಕೈಗೆ ಸಾರ್ವಜನಿಕ ಗ್ರಂಥಾಲಯಗಳ ಕೆಲಸ ಒಪ್ಪಿಸಿದಾಗ, ಪ್ರಜೆಗಳಲ್ಲಿ ಓದಬಲ್ಲವರು ಕೆಲವರೇ. ಓದುವವರಿಲ್ಲವೆಂದು ಅವರು ಪುಸ್ತಕಗಳ ಬಾಗಿಲು ಮುಚ್ಚಲಿಲ್ಲ. ವಡೋದರಾದಲ್ಲಿ ಬಾಳುವ ಕನ್ನಡಿಗರ ಬಾಯಲ್ಲಿ ಈ ಆಕ್ಷೇಪ ಶೋಭಿಸದು.

'ಕಂಪನಿಗೂ ತನ್ನ ಗುಟ್ಟು ಕಾಪಾಡಿಕೊಳ್ಳುವ ಹಕ್ಕಿಲ್ಲವೇ? ಮೂಲಪಾಠ ಕೊಟ್ಟರೆ ಪ್ರತಿಸ್ಪರ್ಧಿಗಳು ನುಂಗಿಬಿಡುವುದಿಲ್ಲವೇ?' ಎಂಬುದು ಎರಡನೆಯದು. ಗಂಭೀರವಾದ ಮಾತು, ಉತ್ತರವನ್ನು ಚರಿತ್ರೆಯೇ ಕೊಟ್ಟಿದೆ. ಇಂಟೆಲ್ ತನ್ನ ಚಿತ್ರಫಲಕಗಳ ಲಿನಕ್ಸ್ ಡ್ರೈವರುಗಳನ್ನು ಮುಕ್ತವಾಗಿಯೇ ಕೊಡುತ್ತ ಬಂದಿದೆ. ಎಎಂಡಿ 2007ರಿಂದ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸತೊಡಗಿತು. ನಿಸ್ತಂತು ಜಾಲದ ಚಿಪ್ಪುಗಳಿಗಾಗಿ ಲಿನಕ್ಸ್ ಬಳಕೆದಾರರನ್ನು ವರ್ಷಗಟ್ಟಲೆ ಅಲೆಸಿದ ಬ್ರಾಡ್‌ಕಾಮ್ 2010ರಲ್ಲಿ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಹೊರತಂದಿತು. ಇವರಾರೂ ಇದರಿಂದ ದಿವಾಳಿಯೇಳಲಿಲ್ಲ. 2012ರಲ್ಲಿ ಫಿನ್‌ಲೆಂಡಿನ ಸಭೆಯೊಂದರಲ್ಲಿ ಟೊರ್ವಾಲ್ಡ್ಸ್ ಎನ್‌ವಿಡಿಯಾ ಕಂಪನಿಯನ್ನು ಸಭ್ಯ ಪತ್ರಿಕೆಯಲ್ಲಿ ಅಚ್ಚುಮಾಡಲಾಗದ ಮಾತಿನಿಂದ ಬೈದರು. ಅದೇ ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ ತಿರುಳಿಗೆ ಸೇರುವ ತನ್ನ ಡ್ರೈವರ್ ಭಾಗದ ಮೂಲಪಾಠವನ್ನು ಬಿಡುಗಡೆ ಮಾಡಿತು. ಆದರೆ ಚಿಪ್ಪಿನೊಳಗೆ ಓಡುವ ಫರ್ಮ್‌ವೇರನ್ನೂ ಮೇಲಿನ ಪದರದ ತಂತ್ರಾಂಶವನ್ನೂ ಮುಚ್ಚಿಯೇ ಇಟ್ಟಿತು. ಪಡಸಾಲೆಯ ಬಾಗಿಲು ತೆರೆದು ಒಳಗಿನ ಪೆಟ್ಟಿಗೆಗೆ ಬೀಗ ಹಾಕಿದ ಈ ಔದಾರ್ಯವನ್ನು ಸ್ವಾಗತಿಸೋಣ, ಆದರೆ ಪೂರ್ಣ ಔದಾರ್ಯವೆಂದು ಮೋಸಹೋಗುವುದು ಬೇಡ.

ಮೂರನೆಯದು ವ್ಯವಹಾರಜ್ಞರ ಮಾತು: 'ಮುಚ್ಚಿದ ಡ್ರೈವರ್ ಇಂದು ಚೆನ್ನಾಗಿ ನಡೆಯುತ್ತಿದೆ, ಮಡಿವಂತಿಕೆ ಮಾಡಿ ಕೆಲಸ ಕೆಡಿಸಿಕೊಳ್ಳಬೇಕೇಕೆ?' ಭಾರತದ ಕಚೇರಿಗಳಲ್ಲಿ ಧಾರಾಳವಾಗಿ ಕಾಣುವ ಎರಡು ಪ್ರಿಂಟರುಗಳನ್ನೇ ತೆಗೆದುಕೊಳ್ಳಿ. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಉಣಿಸಬೇಕು. ಕಂಪನಿಯ ಲಿನಕ್ಸ್ ತಂತ್ರಾಂಶ ಬಹುಪಾಲು ಮುಕ್ತವಾಗಿದ್ದರೂ ಈ ಯಂತ್ರಕ್ಕೆ ಮುಚ್ಚಿದ ತುಣುಕೊಂದನ್ನು ಬೇರೆಯಾಗಿ ತಂದು ಸೇರಿಸಬೇಕು. ಕ್ಯಾನನ್ ಎಲ್‌ಬಿಪಿ 2900 ಮಾತನಾಡುವುದು ಕಂಪನಿಯ ಗುಟ್ಟಿನ ಭಾಷೆಯನ್ನು. ಅದರ ಲಿನಕ್ಸ್ ಡ್ರೈವರಿನ ಮುಖ್ಯ ಭಾಗ ಮುಚ್ಚಿದ್ದು, ಇಂಟೆಲ್ ಬಗೆಯ ಪ್ರೊಸೆಸರಿಗಷ್ಟೇ ಸಿದ್ಧವಾದದ್ದು. ರಾಸ್ಪ್‌ಬೆರಿ ಪೈಯಂಥ ಅಗ್ಗದ ಕಂಪ್ಯೂಟರಿನಲ್ಲಿ ನಡೆಯದು. ಯಂತ್ರಗಳೇನೋ ಗಟ್ಟಿ, ಕಬ್ಬಿಣ ಗಟ್ಟಿಯಿದ್ದಷ್ಟೂ ಮಾತಿನ ಕೊಂಡಿ ದುರ್ಬಲವಾಗಿರುವುದು ಹೆಚ್ಚು ಅನ್ಯಾಯವಾಗಿ ಕಾಣುತ್ತದೆ. ಸ್ವಯಂಸೇವಕರು ಇವುಗಳ ಭಾಷೆಯನ್ನು ಹೊರಗಿನಿಂದಲೇ ಊಹಿಸಿ ಮುಕ್ತ ಡ್ರೈವರುಗಳನ್ನು ಬರೆದಿದ್ದಾರೆ. ಮಾರಿದವನು ಒಂದು ಪುಸ್ತಿಕೆ ಪ್ರಕಟಿಸಿದ್ದರೆ ತಪ್ಪಬಹುದಾಗಿದ್ದ ಶ್ರಮ ಅದು.

ಮಡಿವಂತಿಕೆಯ ಆರೋಪಕ್ಕೂ ಒಂದು ಮಾತು. ಲಿನಕ್ಸ್ ಬಳಗಗಳಲ್ಲಿ ಹಟಕ್ಕೆ ಹೆಸರಾದ ಡೆಬಿಯನ್ ಯೋಜನೆ 2022ರಲ್ಲಿ ಸದಸ್ಯರ ಮತ ಪಡೆದು, ಮುಚ್ಚಿದ ಫರ್ಮ್‌ವೇರನ್ನೂ ಅನುಸ್ಥಾಪನೆಯ ಜೊತೆಗೆ ಕೊಡಲು ಒಪ್ಪಿತು. 2023ರಲ್ಲಿ ಬಂದ ಅದರ 12ನೆಯ ಆವೃತ್ತಿಯಿಂದ ಹಾಗೆಯೇ ನಡೆದಿದೆ. ಆದರೆ ಅದನ್ನು ಬೇರೆಯದೇ ವಿಭಾಗದಲ್ಲಿಟ್ಟು, ಇದು ಮುಕ್ತವಲ್ಲವೆಂದು ಹೆಸರು ಬರೆದಿಟ್ಟಿತು. ಅನಿವಾರ್ಯಕ್ಕೆ ತಲೆಬಾಗುವುದು ಬೇರೆ, ಅನಿವಾರ್ಯವನ್ನು ಆದರ್ಶವೆಂದು ಕರೆಯುವುದು ಬೇರೆ. ನಮ್ಮ ಸಂಘಗಳಿಂದಲೂ ನಾವು ಕೇಳುತ್ತಿರುವುದು ಇಷ್ಟು ಪ್ರಾಮಾಣಿಕತೆಯನ್ನೇ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕೆಂಬುದು ಕಂಪನಿಯ ನಿಯಮ. ಹೀಗಾಗಿ ವಟವಾ, ಮಕರಪುರಾ, ಸಚಿನ್ ಕೈಗಾರಿಕಾ ಪ್ರದೇಶಗಳ ಕಚೇರಿಗಳಿಂದ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಹೊರಬೀಳುವ ಕಾಲವಿದು. ಲಿನಕ್ಸ್ ಹಾಕಿದರೆ ಅವು ನಮ್ಮ ಮಕ್ಕಳ ಕನ್ನಡ ತರಗತಿಗೆ ಇನ್ನೂ ಹಲವು ವರ್ಷ ದುಡಿಯಬಲ್ಲವು. ಗುಬ್ಬಿ, ನವಿಲು ಮೊದಲಾದ ಮುಕ್ತ ಕನ್ನಡ ಅಕ್ಷರವಿನ್ಯಾಸಗಳು ಅಲ್ಲಿ ಕಾಸಿಲ್ಲದೆ ಸಿಗುತ್ತವೆ. ಇವುಗಳಲ್ಲಿ ಯಾವುದು ಬದುಕುತ್ತದೆ, ಯಾವುದು ಗುಜರಿ ಸೇರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಬಿಡಿಭಾಗಗಳ ಡ್ರೈವರ್ ಮುಕ್ತವೋ ಮುಚ್ಚಿದ್ದೋ ಎಂಬ ಸಂಗತಿ.

ಇದು ಹಗಲುಗನಸಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಎರಡು ದಶಕಗಳಿಂದ ಮುಕ್ತ ತಂತ್ರಾಂಶದ ಮೇಲೆಯೇ ನಿಂತಿದೆ. ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ. ಅವರಿಗೆ ಆ ವಿಷಯದ ಪಠ್ಯಪುಸ್ತಕ ಕನ್ನಡದಲ್ಲಿದೆ. ಒಂದು ರಾಜ್ಯದ ಶಾಲೆಗಳೆಲ್ಲ ಒಂದೇ ವ್ಯವಸ್ಥೆಯನ್ನು ಹಿಡಿದು ನಿಂತರೆ, ಅದರಲ್ಲಿ ನಡೆಯದ ಯಂತ್ರವನ್ನು ಅಲ್ಲಿಗೆ ಒಯ್ದು ಮಾರುವವನಿಗೆ ಪ್ರಯೋಜನವಿಲ್ಲ. ಕೊಳ್ಳುವವರ ಒಗ್ಗಟ್ಟಿಗೆ ಅಂಥ ಬಲವಿದೆ. ಭಾರತ ಸರ್ಕಾರವೂ 2015ರಲ್ಲಿ ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿ ಪ್ರಕಟಿಸಿತು. ಗಡಿಯಾಚೆ ಉಳಿದ ಕನ್ನಡಿಗರು ಮಾಡುತ್ತಿರುವುದನ್ನು ದೂರ ನೆಲೆಸಿದ ಕನ್ನಡಿಗರು ಮಾಡಲಾಗದೇ?

ಆದ್ದರಿಂದ ಮೂರು ಊರುಗಳ ಸಂಘಗಳ ಮುಂದೆ ಒಂದು ನಿರ್ಣಯವನ್ನು ಇಡಬಯಸುತ್ತೇನೆ. ಪ್ರಿಂಟರ್, ಸ್ಕ್ಯಾನರ್, ನಿಸ್ತಂತು ಜಾಲದ ಉಪಕರಣ, ಏನನ್ನೇ ಕೊಳ್ಳುವ ಮುನ್ನ ಅಂಗಡಿಯವರಿಗೆ ಮೂರು ಪ್ರಶ್ನೆ ಹಾಕೋಣ. ಇದಕ್ಕೆ ಲಿನಕ್ಸಿನಲ್ಲಿ ಮುಕ್ತ ಡ್ರೈವರ್ ಇದೆಯೇ? ಇಲ್ಲವಾದರೆ, ಈಚಿನ ಅನೇಕ ಪ್ರಿಂಟರುಗಳಂತೆ ಕಂಪನಿಯ ಡ್ರೈವರಿನ ಹಂಗಿಲ್ಲದೆ ಬಹಿರಂಗ ಮಾನಕದಲ್ಲಿ ಮಾತನಾಡುತ್ತದೆಯೇ? ಎರಡೂ ಇಲ್ಲವಾದರೆ ಅದೇ ಬೆಲೆಗೆ ಬೇರೆ ಯಾವುದಿದೆ? ಬೇರೆ ದಾರಿಯಿಲ್ಲದೆ ಮುಚ್ಚಿದ್ದನ್ನೇ ಕೊಳ್ಳಬೇಕಾಗಿ ಬಂದರೆ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಯೋಣ, ಮುಂದಿನ ಸಮಿತಿಗಾದರೂ ತಿಳಿಯಲಿ. ಖರೀದಿಯನ್ನು ಮೂರು ಸಂಘಗಳೂ ಕೂಡಿ ಮಾಡಿದರೆ ಅಂಗಡಿಯವರು ಪ್ರಶ್ನೆಗೆ ಕಿವಿಗೊಡುತ್ತಾರೆ. ವ್ಯಾಪಾರ ಬಲ್ಲ ಗುಜರಾತಿನಲ್ಲಿ ಗಿರಾಕಿಯ ಮಾತಿಗೆ ಬೆಲೆಯಿದೆ.

ಈ ನಿರ್ಣಯ ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಲಿ. ಒಪ್ಪದವರು ಎದ್ದು ನಿಂತು ವಿರೋಧಿಸಲಿ, ವಾದಿಸಲಿ, ಮತಕ್ಕೆ ಹಾಕಲಿ. ಯಾರೂ ಕೇಳದೆ, ಯಾರೂ ಹೇಳದೆ, ಇನ್ನೊಂದು ಬೀಗ ಜಡಿದ ಪೆಟ್ಟಿಗೆ ನಮ್ಮ ಕಚೇರಿಯ ಮೇಜನ್ನು ಏರುವುದು ಮಾತ್ರ ಇಲ್ಲಿಗೆ ನಿಲ್ಲಬೇಕು.